ಸ್ಕೂಬಾ ಮಾಡೋಕೆ ಈಜು ಚೆನ್ನಾಗಿ ಬರಲೇಬೇಕಾ?

ಕೇಳಿದವರು, ಮಡಿಕೇರಿ:
ಕಾಫಿ ಕೊಯ್ಲು ಮುಗಿಸಿ ನಾನು, ತಂಗಿ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯೋದು) ಮಾಡೋಣ ಅಂತಿದ್ದೇವೆ. ನನಗೆ ತೋಟದ ಕೆರೆ ದಾಟುವಷ್ಟು ಈಜು ಬರುತ್ತದೆ, ಅವಳಿಗೆ ಏನೂ ಬರಲ್ಲ. ಕರ್ಕೊಂಡು ಹೋಗಬಹುದಾ? ಮಾಡಿದವರು ಹೇಳಿ.

ಕುಶಾಲನಗರದಿಂದ:
ಅಕ್ಕ, ನೀವು ಹೋಗ್ತಿರೋದು ಒಂದು ಸಲ ಇಳಿದು ನೋಡೋಕಾ, ಕೋರ್ಸಿಗಾ? ಸುಮ್ನೆ ನೋಡೋಕಾದರೆ ಈಜು ಬರದವರನ್ನೂ ಇಳಿಸುತ್ತಾರೆ, ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ. ಪ್ಯಾಡಿ ಅನ್ನೋ ಡೈವಿಂಗ್ ತರಬೇತಿ ಸಂಸ್ಥೆಯವರ ಓಪನ್ ವಾಟರ್ ಕೋರ್ಸಿಗೆ ಮಾತ್ರ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಅದಕ್ಕೂ ವೇಗದ ಲೆಕ್ಕ ಇಲ್ಲ. ನನ್ನ ಕಣ್ಣಿಗೆ ಬಿದ್ದ ಹಾಗೆ ನೀರೊಳಗೆ ಜಾಸ್ತಿ ಒದ್ದಾಡೋದು ಒಳ್ಳೆ ಈಜುಗಾರರೇ. ಕೈ ಬೀಸಿ ಬೀಸಿ ಸಿಲಿಂಡರಿನ ಗಾಳಿ ಬೇಗ ಖಾಲಿ ಮಾಡುತ್ತಾರೆ. ಹೊಳೆಯಲ್ಲಿ ಮುಳುಗು ಹಾಕಿ ಬೆಳೆದವರಿಗೆ ಉಸಿರು ಬಿಗಿಹಿಡಿಯೋದು ತಾನಾಗೇ ಬಂದುಬಿಡುತ್ತದೆ, ಇಲ್ಲಿ ಅದೇ ಅಪಾಯ: 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ, ಉಸಿರು ಕಟ್ಟಿಕೊಂಡು ಏರಿದರೆ ಶ್ವಾಸಕೋಶಕ್ಕೇ ಪೆಟ್ಟು.

ವಿರಾಜಪೇಟೆಯಿಂದ:
ಅಣ್ಣ ಹೇಳಿದ್ದು ನೀರೊಳಗಿನ ಕಥೆ, ಅಷ್ಟರ ಮಟ್ಟಿಗೆ ಸರಿ. ಆದರೆ ಮೇಲೆ ಬಂದಾಗ ದೋಣಿ ದೂರ ಇದ್ದು ಅಲೆ ಹೊಡೀತಿದ್ದರೆ? ಆಗ ಈಜು ಬೇಕೇ ಬೇಕು. ಹಾಕಿಕೊಂಡಿರೋ ಡೈವಿಂಗ್ ಜಾಕೆಟ್ಟಿಗೆ ಬಟನ್ ಒತ್ತಿ ಗಾಳಿ ತುಂಬಿದರೆ ಅದೇ ತೇಲಿಸುತ್ತದೆ, ನಿಜ, ಆದರೆ ಗಾಬರಿ ಬಿದ್ದವರಿಗೆ ಆ ಬಟನ್ನೇ ನೆನಪಿಗೆ ಬರಲ್ಲ. ಕೋರ್ಸ್ ಮಾಡೋದಾದರೆ ತಂಗಿ ಮೊದಲು ಈಜು ಕಲಿಯಲಿ. ಒಂದು ಸಲಕ್ಕಾದರೂ ಹೋಗೋ ಮುಂಚೆ ಯಾವುದಾದರೂ ಪೂಲಿನಲ್ಲಿ, ಆಳ ಇಲ್ಲದ ಕಡೆ ನಿಂತು, ಸ್ನಾರ್ಕೆಲ್ (ಉಸಿರಾಡೋ ಕೊಳವೆ) ಕಚ್ಚಿಕೊಂಡು ಮುಖ ಮುಳುಗಿಸಿ ಬಾಯಲ್ಲೇ ಉಸಿರಾಡಿ ನೋಡಲಿ. ಮೂಗಿಗೆ ನೀರು ತಾಗಿದ ತಕ್ಷಣ ಎದ್ದು ನಿಲ್ಲುತ್ತಾಳಾ ನೋಡಿ. ಕಾವೇರಿಗೆ ಇಳಿಸಿ ಪ್ರಾಕ್ಟೀಸ್ ಮಾಡಿಸಬೇಡಿ ದಯವಿಟ್ಟು.

ಸುಂಟಿಕೊಪ್ಪದಿಂದ:
ನೆಗಡಿ ಇದ್ದರೆ ಟ್ರಿಪ್ ಮುಂದೂಡಿ, ನೀರೊಳಗೆ ಕಟ್ಟಿದ ಕಿವಿ ಬಿಡಲ್ಲ. ಆಸ್ತಮಾ ಇದ್ದರೆ ಡೈವಿಂಗಿಗೆ ಮುಂಚೆ ತುಂಬಿಸೋ ಆರೋಗ್ಯದ ಫಾರ್ಮಿನಲ್ಲಿ ಮುಚ್ಚಿಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಈಜಿಗಿಂತ ಇವು ಮುಖ್ಯ ಅಲ್ವಾ?

ಮತ್ತೆ ಕುಶಾಲನಗರದಿಂದ:
ಇನ್ನೊಂದು ವಿಷಯ, ಇದು ನಮ್ಮ ಕಡೆಯವರಿಗೇ. ಡೈವ್ ಮಾಡಿದ ದಿನವೇ ಸಂಪಾಜೆ ಘಾಟ್ ಹತ್ತಬೇಡಿ. ಮಡಿಕೇರಿ 1,100 ಮೀಟರಿಗೂ ಮೇಲಿದೆ, ಮೇಲೆ ಹೋದಷ್ಟು ಗಾಳಿಯ ಒತ್ತಡ ಕಡಿಮೆ, ಮೈಯಲ್ಲಿ ಕರಗಿರುವ ನೈಟ್ರೋಜನ್ ಗುಳ್ಳೆಯಾಗಬಹುದು. ವಿಮಾನ ಹತ್ತೋಕೆ ಒಂದು ಡೈವ್ ಆದಮೇಲೆ 12 ಗಂಟೆ, ಜಾಸ್ತಿ ಆದರೆ 18 ಗಂಟೆ ಕಾಯಿರಿ ಅನ್ನುತ್ತಾರೆ. ನಾನು ಘಾಟಿಗೂ ಅದೇ ಲೆಕ್ಕ ಹಿಡಿಯುತ್ತೇನೆ. ರಾತ್ರಿ ಮುರುಡೇಶ್ವರದಲ್ಲೇ ಉಳಿದು ಬೆಳಿಗ್ಗೆ ಹೊರಡಿ.