ಬ್ಯಾಣದ ತುಂಬಾ ಒಂದೇ ಹುಲ್ಲು, ದನ ಮುಟ್ಟುವುದಿಲ್ಲ. ಹೆಸರೇನು?

ಹೊಸನಗರ_ಕೃಷಿಕ
ನಮ್ಮ ಬ್ಯಾಣದಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ, ಈ ಹುಲ್ಲು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದೆ. ಬುಡ ಗಟ್ಟಿ. ಬೇಸಿಗೆಯಲ್ಲಿ ಒಣಗಿ, ಮಳೆ ಬಿದ್ದರೆ ಅದೇ ಬುಡದಿಂದ ಚಿಗುರುತ್ತದೆ. ದನ ಮೂಸಿ ವಾಪಸ್ ಬರುತ್ತವೆ. ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ. ಫೋಟೋ ಹಾಕಿದ್ದೇನೆ. ಕಿತ್ತು ಹಾಕಲಾ? ತಲೆ ಕೆಟ್ಟುಹೋಗಿದೆ.

ಲಾವಂಚದ_ತೋಟ
ಇದು ಲಾವಂಚ. ತೆಂಡೆ ನೋಡಿದರೇ ಗೊತ್ತಾಗುತ್ತದೆ. ಬೇರು ಅಗೆದು ಮೂಸಿ.

ಗರಿಕೆ
ಫೋಟೋದಲ್ಲಿ ಬುಡ ಮಾತ್ರ ಇದೆ, ತೆನೆ ಎಲ್ಲಿ ಸಾರ್? ಬರೀ ಎಲೆ ನೋಡಿ ಹುಲ್ಲಿನ ಹೆಸರು ಹೇಳುವುದು ಕಷ್ಟ. ಎಲೆ ಉಜ್ಜಿದರೆ ವಾಸನೆ ಬರುತ್ತಾ? ಜಾಗ ಎಂಥದ್ದು?

ಹೊಸನಗರ_ಕೃಷಿಕ
ಬ್ಯಾಣ ಅಂದೆನಲ್ಲ. ವಾಸನೆ ಇಲ್ಲ.

ಲಾವಂಚದ_ತೋಟ
ಲಾವಂಚದ ಎಲೆಗೂ ವಾಸನೆ ಇಲ್ಲ, ಇರುವುದು ಬೇರಿಗೆ. ನಮ್ಮ ತೋಟದ ಅಗಳದ ದಂಡೆಗೆ ಸಾಲಾಗಿ ನೆಟ್ಟಿದ್ದೇನೆ. ಎಂಥಾ ಮಳೆಗೂ ಮಣ್ಣು ಕದಲಿಲ್ಲ. ಬೇಕಾದವರು ಬಂದು ನೋಡಿ.

ಗರಿಕೆ
ವಾಸನೆ ಇಲ್ಲ ಅಂದರೆ ಮಜ್ಜಿಗೆ ಹುಲ್ಲಿನ ಜಾತಿ ಅಲ್ಲ, ಅಷ್ಟೇ. ಲಾವಂಚ ತಾನಾಗಿ ಬರುವುದು ಹಳ್ಳದ ದಂಡೆ, ಜೌಗು ಇರುವ ಕಡೆ.

ಸೊಪ್ಪಿನಬೆಟ್ಟ
ಹೆಸರು ಕಟ್ಟಿಕೊಂಡು ಏನಾಗಬೇಕು? ಬೇಸಿಗೆಯಲ್ಲಿ ಒಂದು ಸಲ ಬೆಂಕಿ ಕೊಡಿ.

ಮಳೆಕಾಡು
ದಯವಿಟ್ಟು ಬೇಡ. ಇಳಿಜಾರಿನ ಮಣ್ಣು ಬೋಳಾದರೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಸೊಪ್ಪಿನಬೆಟ್ಟ
ನಮ್ಮ ಅಜ್ಜನ ಕಾಲದಿಂದ ಕೊಡುತ್ತಿದ್ದೇವೆ. ಗುಡ್ಡ ಅಲ್ಲೇ ಇದೆ.

ಹೊಸನಗರ_ಕೃಷಿಕ
ಬೆಂಕಿ ವರ್ಷವೂ ಬೀಳುತ್ತದೆ, ರಸ್ತೆ ಕಡೆಯಿಂದ. ಗುಡ್ಡದ ನೆತ್ತಿ, ಕೆಳಗೆ ಜಂಬಿಟ್ಟಿಗೆ, ಮೇಲೆ ಗೇಣು ಮಣ್ಣೂ ಇಲ್ಲ. ದೀಪಾವಳಿ ಹೊತ್ತಿಗೆ ಅಲ್ಲಿ ಓಡಾಡಿದರೆ ಪಂಚೆ ತುಂಬಾ ಊಬು, ಬೀಜದ ತುದಿಯ ಆ ಉದ್ದ ಕೂದಲು. ಕಪ್ಪು ಊಬು, ತುದಿಯಲ್ಲಿ ಜಡೆ ಹೆಣೆದ ಹಾಗೆ ಒಂದಕ್ಕೊಂದು ಸುತ್ತಿಕೊಂಡಿರುತ್ತದೆ.

ಗರಿಕೆ
ಮುಖ್ಯವಾದ ವಿಷಯ ಇದೇ! ಹೆಟೆರೊಪೋಗಾನ್ ಕಂಟಾರ್ಟಸ್. ನಮ್ಮದೇ ನೆಲದ ಹುಲ್ಲು. ತೆಳು ಮಣ್ಣು, ಕಲ್ಲು, ಬಿಸಿಲು ಇದಕ್ಕೆ ಇಷ್ಟ. ಬೆಂಕಿ ಬಿದ್ದರೂ ಬುಡ ಸಾಯುವುದಿಲ್ಲ, ಬೀಜ ಮಣ್ಣೊಳಗೆ ಉಳಿದಿರುತ್ತದೆ. ಹಾಗಾಗಿಯೇ ನಿಮ್ಮಲ್ಲಿ ಇದೊಂದೇ ಹೆಚ್ಚಿರಬಹುದು. ಒಂದು ಒಣ ಊಬಿಗೆ ನೀರು ಹನಿಸಿ, ಕಣ್ಣೆದುರೇ ತಿರುಗುತ್ತದೆ. ಬೀಜ ನೆಲಕ್ಕೆ ಕೊರೆದುಕೊಂಡು ಇಳಿಯುವುದು ಹಾಗೇ. ಚೂಪು ಬೀಜ ಬಾಯಿಗೆ ಚುಚ್ಚುವುದರಿಂದ ದನ ಬಿಡುತ್ತವೆ. ಎಳೆಯದಿದ್ದಾಗ ಚೆನ್ನಾಗಿ ಮೇಯುತ್ತವೆ. ಕೀಳಬೇಡಿ, ತೆನೆ ಬರುವ ಮೊದಲೇ ಕೊಯ್ದುಬಿಡಿ.

ಮ್ಯಾಕ್ರೊ_ಮಲೆನಾಡು
ಕೊಡಚಾದ್ರಿಯಲ್ಲಿ ತೆಗೆದ ಊಬಿನ ಫೋಟೋ ಹಾಕಿದ್ದೇನೆ. 100 ಎಂಎಂ ಲೆನ್ಸ್, ರಿಂಗ್ ಫ್ಲ್ಯಾಶ್. ಒಂದೊಂದು ರೋಮವೂ ಕಾಣುತ್ತದೆ.

ಮಳೆಕಾಡು
ಚೆನ್ನಾಗಿದೆ ಅಣ್ಣಾ. ಆದರೆ ನಿಮ್ಮದು ಥೆಮೆಡಾ ಅನ್ನುವ ಬೇರೆ ಹುಲ್ಲು ಅಲ್ವಾ? ತೆನೆ ಗೊಂಚಲಾಗಿ ಬಾಗಿದೆ, ಗೊಂಚಲಿನ ಬುಡದಲ್ಲಿ ಎಲೆಯಂಥ ಹೊದಿಕೆ ಇದೆ.

ಮ್ಯಾಕ್ರೊ_ಮಲೆನಾಡು
ಅಲ್ಲ. ಬೇರೆ ಕೋನದ ಫೋಟೋ ಹಾಕುತ್ತೇನೆ, ನೋಡಿ ಹೇಳಿ.

ಹೊಸನಗರ_ಕೃಷಿಕ
ನೀರು ಹನಿಸಿದೆ, ತಿರುಗಿತು. ಕೊಯ್ದದ್ದನ್ನು ಅಡಿಕೆ ಬುಡಕ್ಕೆ ಹಾಕಬಹುದಾ?

ಗರಿಕೆ
ಊಬು ಬಂದಿಲ್ಲದಿದ್ದರೆ ಧಾರಾಳವಾಗಿ ಹಾಕಿ.