64 ಬಿಟ್ ಪ್ರೋಗ್ರಾಮಿನಿಂದ 32 ಬಿಟ್ ಡಿಎಲ್‌ಎಲ್ ಕರೆಯುವುದು ಹೇಗೆ?

ಭೋಸರಿ ಕೋಡರ್:
ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಲಾರಿ ಕಾಟಾಕ್ಕೆ (ಲಾರಿ ತೂಗುವ ಯಂತ್ರ) ಹೊಸ ಸಾಫ್ಟ್‌ವೇರ್ ಬರೆಯುತ್ತಿದ್ದೇವೆ. ಸಿ ಶಾರ್ಪ್, ಡಾಟ್‌ನೆಟ್ 8, ವಿಂಡೋಸ್ 11. ತೂಕ ಓದಲು ಕಾಟಾದ ಜೊತೆ ಬಂದ ಹಳೆಯ ಡಿಎಲ್‌ಎಲ್ (ಬೇರೆ ಪ್ರೋಗ್ರಾಮುಗಳು ಕರೆದು ಬಳಸುವ ಕೋಡ್ ಫೈಲು) ಇದೆ, ಸೋರ್ಸ್ ಕೋಡ್ ಇಲ್ಲ. ಮೊದಲ ಫಂಕ್ಷನ್ ಕರೆದ ಕೂಡಲೇ ಬ್ಯಾಡ್ ಇಮೇಜ್ ಫಾರ್ಮ್ಯಾಟ್ ಎಕ್ಸೆಪ್ಶನ್, ಕೋಡ್ 8007000ಬಿ. ಡಿಎಲ್‌ಎಲ್ ಅನ್ನು ಸಿಸ್ಟಮ್32 ಫೋಲ್ಡರಿಗೆ ಹಾಕಿ ನೋಡಿದರೂ ಅದೇ. ಇಡೀ ಪ್ರೋಗ್ರಾಮನ್ನು 32 ಬಿಟ್ ಮಾಡೋಣವೆಂದರೆ ನಂಬರ್ ಪ್ಲೇಟ್ ಕ್ಯಾಮೆರಾದ ಲೈಬ್ರರಿ 64 ಬಿಟ್‌ನಲ್ಲಿ ಮಾತ್ರ ಸಿಗುತ್ತದೆ. ದಾರಿ ಏನು?

ಡೀಬಗ್ ಬಸ್ಯಾ:
ಒಂದ ಪ್ರೊಸೆಸ್‌ನ್ಯಾಗ (ಓಡ್ತಿರೋ ಪ್ರೋಗ್ರಾಮಿನ್ಯಾಗ) ಎರಡೂ ಕೂಡೂದಿಲ್ರಿ. 64 ಬಿಟ್ ಪ್ರೊಸೆಸ್ ಒಳಗ 32 ಬಿಟ್ ಡಿಎಲ್‌ಎಲ್‌ನ ಕೋಡ್ ನಡಿಯಂಗಿಲ್ಲ, ಉಲ್ಟಾನೂ ಇಲ್ಲ. ಯಾವ ಸೆಟ್ಟಿಂಗ್ ತಿರುವಿದ್ರೂ ಅಷ್ಟ.

ಮೊದಲ ಖಾತ್ರಿ ಮಾಡ್ಕೋರಿ: ವಿಷುಯಲ್ ಸ್ಟುಡಿಯೋದ ಕಮಾಂಡ್ ಪ್ರಾಂಪ್ಟ್‌ನ್ಯಾಗ ಡಂಪ್‌ಬಿನ್ ಅನ್ನೋ ಟೂಲಿಗೆ ಆ ಡಿಎಲ್‌ಎಲ್ ಹೆಸರು, ಹೆಡರ್ಸ್ ಆಪ್ಶನ್ ಕೊಟ್ಟು ಓಡಿಸ್ರಿ. ಮಶೀನ್ ಅನ್ನೋ ಸಾಲಿನ್ಯಾಗ 14ಸಿ ಬಂದ್ರ 32 ಬಿಟ್, 8664 ಬಂದ್ರ 64.

ಸಿಸ್ಟಮ್32ಗೆ ಹಾಕಿದ್ದನ್ನ ಅಳಿಸಿಬಿಡ್ರಿ. ಹೆಸರಿನ್ಯಾಗ 32 ಇದ್ರೂ ಅದು 64 ಬಿಟ್ ಫೈಲುಗಳ ಮನಿ. 32 ಬಿಟ್‌ನವು ಇರೋದು ಸಿಸ್‌ವೌ64ನ್ಯಾಗ. ಹೆಸರಿಟ್ಟವರಿಗೆ ಕೈ ಮುಗೀಬೇಕು! ಹಳೇ ಪ್ರೋಗ್ರಾಮು ಮುರೀಬಾರದು ಅಂತ ಹಂಗ ಬಿಟ್ಟಾರ. 32 ಬಿಟ್ ಪ್ರೋಗ್ರಾಮು ಸಿಸ್ಟಮ್32 ಅಂತ ಕೇಳಿದ್ರ ವಿಂಡೋಸ್ ಸುಮ್ಮನ ಸಿಸ್‌ವೌ64 ತೋರಸ್ತದ. ಡಿಎಲ್‌ಎಲ್ ಎರಡೂ ಕಡಿ ಬ್ಯಾಡ, ನಿಮ್ಮ ಎಕ್ಸಿಇ ಇರೋ ಫೋಲ್ಡರ್‌ನ್ಯಾಗ ಇಡ್ರಿ.

ಹಿಂಜವಡಿ ಪೈಪ್‌ಲೈನ್:
ಬಸ್ಯಾ ಅವರು ಹೇಳಿದ ಮೇಲೆ ಉಳಿಯುವುದು ಎರಡು ಪ್ರೊಸೆಸ್‌ಗಳ ದಾರಿ. ಡಿಎಲ್‌ಎಲ್ ಕರೆಯುವಷ್ಟೇ ಕೆಲಸದ ಸಣ್ಣ ಕನ್ಸೋಲ್ ಪ್ರೋಗ್ರಾಮೊಂದನ್ನು ಎಕ್ಸ್86 (ಅಂದರೆ 32 ಬಿಟ್) ಟಾರ್ಗೆಟ್‌ಗೆ ಕಟ್ಟಿ. ಮುಖ್ಯ ಪ್ರೋಗ್ರಾಮು 64 ಬಿಟ್ ಆಗಿಯೇ ಇರಲಿ. ನಡುವೆ ನೇಮ್ಡ್ ಪೈಪ್, ಅಂದರೆ ಎರಡು ಪ್ರೊಸೆಸ್‌ಗಳು ಮಾತಾಡಿಕೊಳ್ಳುವ ಕೊಳವೆ. 'ತೂಕ ಕೊಡು' ಎಂದು ಒಂದು ಸಾಲು ಹೋಗಲಿ, ಉತ್ತರವೂ ಒಂದು ಸಾಲು ಪಠ್ಯವಾಗಿ ಬರಲಿ.

ಪೈಪಿನಲ್ಲಿ ಸ್ಟ್ರಕ್ಟನ್ನು (ಹಲವು ಮೌಲ್ಯಗಳ ಕಟ್ಟು) ಹಾಗೇ ಕಳಿಸಲು ಹೋಗಬೇಡಿ. ಒಂದು ಇಂಟ್, ಒಂದು ಪಾಯಿಂಟರ್ (ಮೆಮೊರಿ ವಿಳಾಸ), ಒಂದು ಡಬಲ್ ಇರುವ ಸ್ಟ್ರಕ್ಟ್ 32 ಬಿಟ್‌ನಲ್ಲಿ 16 ಬೈಟ್. 64ರಲ್ಲಿ ಪಾಯಿಂಟರ್ 8 ಬೈಟ್ ಆಗಿ, ಅದರ ಮುಂದೆ 4 ಬೈಟ್ ಖಾಲಿ ಜಾಗ ಸೇರಿ 24 ಆಗುತ್ತದೆ. ಎರರ್ ಬರುವುದಿಲ್ಲ, ತೂಕ ತಪ್ಪಾಗಿ ಬರುತ್ತದೆ. ಕಾಟಾದಲ್ಲಿ ಅದು ಇನ್ನೂ ಕೆಟ್ಟದ್ದು. ಪಾಯಿಂಟರ್ ವಿಳಾಸ ಕಳಿಸಿದರಂತೂ ಆಚೆ ಬದಿಯಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಪ್ರತಿ ಲಾರಿಗೂ ಆ ಸಣ್ಣ ಪ್ರೋಗ್ರಾಮನ್ನು ಹೊಸದಾಗಿ ಶುರು ಮಾಡಬೇಡಿ. ಒಮ್ಮೆ ಎಬ್ಬಿಸಿ ಜೀವಂತ ಇಡಿ. ಉತ್ತರಕ್ಕೆ 2 ಸೆಕೆಂಡಿನ ಗಡುವು ಹಾಕಿ, ಮೀರಿದರೆ ಕೊಂದು ಮತ್ತೆ ಎಬ್ಬಿಸಿ. ಡಿಎಲ್‌ಎಲ್ ಕುಸಿದರೂ ನಿಮ್ಮ ಬಿಲ್ಲಿಂಗ್ ಬೀಳುವುದಿಲ್ಲ, ಇದು ಈ ವ್ಯವಸ್ಥೆಯ ಲಾಭ. ಇನ್ನೊಂದು: ಕಾಟಾದ ಪಿಸಿಯಲ್ಲಿ ಡಾಟ್‌ನೆಟ್‌ನ ಎಕ್ಸ್86 ರನ್‌ಟೈಮ್ ಬೇರೆಯಾಗಿ ಹಾಕಬೇಕು, ಇಲ್ಲವೇ ಸೆಲ್ಫ್ ಕಂಟೇನ್ಡ್ ಆಗಿ (ರನ್‌ಟೈಮನ್ನೂ ಜೊತೆಗೇ ಸೇರಿಸಿ) ಪಬ್ಲಿಶ್ ಮಾಡಿ.

ಭೋಸರಿ ಕೋಡರ್:
ಡಂಪ್‌ಬಿನ್ 14ಸಿ ಎನ್ನುತ್ತಿದೆ. ಎಕ್ಸ್86 ಪ್ರೋಗ್ರಾಮು ಕಟ್ಟಿದೆ, ಈಗ ಎರರ್ ಬದಲಾಗಿದೆ: ಡಿಎಲ್‌ಎಲ್ ನಾಟ್ ಫೌಂಡ್, 8007007ಇ. ಫೈಲು ಕಣ್ಣೆದುರೇ ಇದೆ!

ಡೀಬಗ್ ಬಸ್ಯಾ:
ಮುಂದ ಬಂದ್ರಿ ಅಂತ ತಿಳ್ಕೋರಿ. ಬಿಟ್ ತಕರಾರು ಮುಗೀತು. ಈಗ ಸಿಗವಲ್ಲದ್ದು ಹೆಚ್ಚಾಗಿ ನಿಮ್ಮ ಡಿಎಲ್‌ಎಲ್ ಅಲ್ಲ, ಅದು ಬೇಡೋ ಮತ್ತೊಂದು. ಡಂಪ್‌ಬಿನ್‌ಗೆ ಡಿಪೆಂಡೆಂಟ್ಸ್ ಆಪ್ಶನ್ ಕೊಡ್ರಿ. ಎಂಎಸ್‌ವಿಸಿಆರ್100 ಕಂಡ್ರ ವಿಷುಯಲ್ ಸಿ ಪ್ಲಸ್ ಪ್ಲಸ್ 2010ರ ರೀಡಿಸ್ಟ್ರಿಬ್ಯೂಟಬಲ್ (ಆ ಫೈಲು ಹಾಕೋ ಪ್ಯಾಕೇಜು) ಬೇಕು, 120 ಕಂಡ್ರ 2013ರದು. ಪಿಸಿ 64 ಬಿಟ್ ಇದ್ರೂ ಹಾಕೋದು ಎಕ್ಸ್86 ಆವೃತ್ತಿನ. ಇಲ್ಲೇ ಭಾಳ ಮಂದಿ ಎಡವ್ತಾರ.

ಕಾಲಿಂಗ್ ಕನ್ವೆನ್ಶನ್ (ಫಂಕ್ಷನ್ ಕರೆಯೋ ರೀತಿ) ಸಹ ನೋಡ್ರಿ. ಏನೂ ಬರೀದಿದ್ರ ವಿಂಡೋಸ್‌ನ್ಯಾಗ ಡಾಟ್‌ನೆಟ್ ಸ್ಟಡ್‌ಕಾಲ್ ಅಂತ ಹಿಡೀತದ. ಸಿ ಭಾಷಾದಾಗ ಬರೆದ ಡಿಎಲ್‌ಎಲ್ ಹೆಚ್ಚಾಗಿ ಸಿಡೆಕ್ಲ್. 64 ಬಿಟ್‌ನ್ಯಾಗ ಈ ಗೊಡವಿ ಇಲ್ಲ, 32ರಾಗ ತಪ್ಪಿದ್ರ ಸ್ಟ್ಯಾಕ್ (ಫಂಕ್ಷನ್ ಕರೆಗಳ ಲೆಕ್ಕ ಇಡೋ ಮೆಮೊರಿ) ಕೆಡ್ತದ.

ಹಡಪ್ಸರ್ ಕರ್ನಲ್:
ಎರಡು ಮಾತು. ಆ ಡಿಎಲ್‌ಎಲ್ ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಕೀಲಿ) ಹುಡುಕುವುದಾದರೆ ಡ್ರೈವರ್ 64 ಬಿಟ್ ಇರಲೇಬೇಕು. 32 ಬಿಟ್ ಡ್ರೈವರನ್ನು 64 ಬಿಟ್ ಕರ್ನಲ್ (ವಿಂಡೋಸ್‌ನ ಒಳತಿರುಳು) ಹತ್ತಿರ ಸೇರಿಸುವುದಿಲ್ಲ, ಅದಕ್ಕೆ ಪೈಪಿನ ಉಪಾಯವೂ ನಡೆಯುವುದಿಲ್ಲ.

ಡಾಂಗಲ್ ಇಲ್ಲದೆ ಕಾಟಾದ ಡಿಸ್ಪ್ಲೇ ಡಬ್ಬಿಯಿಂದ ಆರ್‌ಎಸ್-232 (ಸೀರಿಯಲ್) ಕೇಬಲ್ ಬಂದಿದ್ದರೆ ಡಿಎಲ್‌ಎಲ್ ಏತಕ್ಕೆ? ಬಹಳಷ್ಟು ಡಬ್ಬಿಗಳು ತೂಕವನ್ನು ಆಸ್ಕಿ (ಸಾದಾ ಪಠ್ಯ) ಸಾಲುಗಳಾಗಿ ಕಳಿಸುತ್ತಲೇ ಇರುತ್ತವೆ. ಪುಟ್ಟಿ (PuTTY) ಎಂಬ ಟರ್ಮಿನಲ್ ಪ್ರೋಗ್ರಾಮು ತೆರೆದು, ಮ್ಯಾನ್ಯುಯಲ್‌ನಲ್ಲಿರುವ ಬಾಡ್ ರೇಟ್ (ಸೀರಿಯಲ್ ವೇಗ) ಹಾಕಿ ನೋಡಿ. ಅಂಕಿಗಳು ಓದುವ ಹಾಗೆ ಬಂದರೆ ಸೀರಿಯಲ್ ಪೋರ್ಟನ್ನು 64 ಬಿಟ್ ಪ್ರೋಗ್ರಾಮಿನಿಂದ ನೇರ ಓದಿ. ಡಾಟ್‌ನೆಟ್ 8ರಲ್ಲಿ ಅದರ ಪ್ಯಾಕೇಜನ್ನು ನ್ಯೂಗೆಟ್ ಎಂಬ ಪ್ಯಾಕೇಜ್ ಭಂಡಾರದಿಂದ ಬೇರೆ ತರಬೇಕು, ಅಷ್ಟೇ.