ಅಪ್‌ಡೇಟ್: ಕ್ರಿಸ್‌ಮಸ್ ಊಟದ ಮೇಜಿನ ನಡುವಿನ ಅಲಂಕಾರ

6 ಜನರ ಮೇಜಿನ (180 × 90 ಸೆಂ.ಮೀ.) ನಡುವೆ ಅಲಂಕಾರ ಇಟ್ಟರೆ ತಟ್ಟೆ, ಲೋಟಕ್ಕೆ ಜಾಗ ಸಾಲುವುದಿಲ್ಲ, ಎದುರಿನವರ ಮುಖವೂ ಕಾಣುವುದಿಲ್ಲ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಈಗ ಸರಿಹೋಗಿದೆ.

ಲೆಕ್ಕ ಹೀಗಿದೆ. ತಟ್ಟೆ 27 ಸೆಂ.ಮೀ., ಅಂಚಿನಿಂದ 2 ಸೆಂ.ಮೀ. ಒಳಗೆ. ಎರಡೂ ಬದಿಗೆ 58 ಹೋದರೆ ನಡುವೆ ಉಳಿಯುವುದು 32. ಅದರಲ್ಲಿ ಲೋಟಗಳಿಗೆ ಪ್ರತಿ ಬದಿಗೆ 8. ಹಾಗಾಗಿ ಹಸಿರೆಲೆಯ ಸಾಲು 15 ಸೆಂ.ಮೀ. ಅಗಲ ಮೀರಬಾರದು, ಎತ್ತರ 25ರೊಳಗಿರಲಿ. ತೆಳ್ಳನೆಯ ಉದ್ದ ಮೇಣದಬತ್ತಿ ಮಾತ್ರ ಇದಕ್ಕೆ ಹೊರತು, ಅದು ನೋಟಕ್ಕೆ ಅಡ್ಡವಾಗುವುದಿಲ್ಲ. ಬಡಿಸುವ ಪಾತ್ರೆಗಳು ಪಕ್ಕದ ಸಣ್ಣ ಮೇಜಿಗೆ.

ಪೈನ್ ಕೊಂಬೆಯ ಅಂಟು ಬಟ್ಟೆಗೆ ಹಿಡಿದರೆ ಸುಲಭಕ್ಕೆ ಹೋಗುವುದಿಲ್ಲ. ಕತ್ತರಿಸಿದ ತುದಿಯ ಕೆಳಗೆ ಬಟರ್ ಪೇಪರ್ ಹಾಸಿ. ಬೆಚ್ಚನೆಯ ಕೋಣೆಯಲ್ಲಿ ಎಲೆ ಬೇಗ ಒಣಗುತ್ತದೆ, ಒಣಗಿದ ಪೈನ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕೊಂಬೆಗಳನ್ನು ಅದೇ ದಿನ ಜೋಡಿಸಿ, ಜ್ವಾಲೆಯ ಹತ್ತಿರ ಎಲೆ ಬಿಡಬೇಡಿ. ಸಾಲಿನಲ್ಲಿ ಅಲ್ಲಲ್ಲಿ ಬಿಟ್ಟ ಖಾಲಿ ಜಾಗವೇ ನನಗೆ ಹೆಚ್ಚು ಚೆಂದ ಕಂಡಿತು. ಮೇಣದಬತ್ತಿ ಸುವಾಸನೆ ಇಲ್ಲದ್ದಾಗಲಿ, ಇಲ್ಲದಿದ್ದರೆ ಊಟದ ಪರಿಮಳ ಮುಚ್ಚಿಹೋಗುತ್ತದೆ. ಎಲ್‌ಇಡಿ ಸರವಾದರೆ 2700 ಕೆಲ್ವಿನ್‌ನದ್ದು, ಅಂದರೆ ಹಳದಿ ಛಾಯೆಯ ಬೆಳಕಿನದ್ದು ಕೊಳ್ಳಿ. ಅಚ್ಚ ಬಿಳಿ ಬೆಳಕಿನಲ್ಲಿ ಕೆಂಪು, ಚಿನ್ನದ ಬಣ್ಣ ಸಪ್ಪೆಯಾಗುತ್ತವೆ.